ವಯಸ್ಸಂಧಿ ಮತ್ತು ಸಖ್ಯ: ಗದುಗಿನ ಸೀಮೆಯ ಪರಂಪರೆಯೂ ಕನ್ನಡ ಚಲಚ್ಚಿತ್ರವೂ

೧

ಆಲಂಕಾರಿಕರ ಪರಿಭಾಷೆಯಲ್ಲಿ ‘ವಯಸ್ಸಂಧಿ’ ಎಂಬ ಶಬ್ದವೊಂದುಂಟು. ಶೈಶವವು ಕಳೆಯುತ್ತ ಯೌವನವು ಕಾಲಿಡುತ್ತಿರುವ ಕಾಲಕ್ಕೆ ಇದು ಹೆಸರು. ಆದರೆ ಕವಿಗಳು ಇದನ್ನು ಬಹುಮಟ್ಟಿಗೆ ಮುಗ್ಧಾನಾಯಿಕೆಯ ಅಂಗಲಾವಣ್ಯದ ವರ್ಣನೆಗೇ ಮೀಸಲಿರಿಸಿದರು. ಬಾಲಕನೊಬ್ಬನು ಮನೆಯ ಹೊಸ್ತಿಲನ್ನು ದಾಟಿ, ಲೋಕವನ್ನು ಕಂಡು, ಮಿತ್ರನನ್ನು ಪಡೆದು ಅಥವಾ ಕಳೆದುಕೊಂಡು, ಮನುಷ್ಯನಾಗುವ ಅಂತರಂಗದ ವೃತ್ತಾಂತಕ್ಕೆ ಲಕ್ಷಣಗ್ರಂಥಗಳಲ್ಲಿ ಪ್ರತ್ಯೇಕವಾದ ಹೆಸರು ದೊರೆಯಲಿಲ್ಲ. ಹೆಸರಿಲ್ಲದ ಮಾತ್ರಕ್ಕೆ ವಸ್ತುವೇ ಇಲ್ಲವೆಂದು ಹೇಳಲಾಗದು. ನಚಿಕೇತ, ಧ್ರುವ, ಪ್ರಹ್ಲಾದ, ಕರ್ಣ, ಏಕಲವ್ಯರ ಕಥೆಗಳೆಲ್ಲವೂ ಈ ವಸ್ತುವನ್ನೇ ಗರ್ಭದಲ್ಲಿ ಧರಿಸಿಕೊಂಡಿವೆ.

ಪಾಶ್ಚಾತ್ಯ ಸಾಹಿತ್ಯದಲ್ಲಿ ಇದು ಕಾದಂಬರಿಯ ಒಂದು ಪ್ರಭೇದವಾಗಿಯೇ ಬೆಳೆಯಿತು. ಬಳಿಕ ಚಲಚ್ಚಿತ್ರವು ಇದನ್ನು ಕೈಗೆತ್ತಿಕೊಂಡಿತು. ಇಟಲಿಯ ಡಿ ಸೀಕಾ ೧೯೪೬ರಲ್ಲಿ ಬೂಟು ಒರೆಸುವ ಇಬ್ಬರು ಹುಡುಗರ ಸ್ನೇಹವು ಸೆರೆಮನೆಯಲ್ಲಿ ಮುರಿದುಬೀಳುವುದನ್ನು ಚಿತ್ರಿಸಿದನು. ವಂಗದೇಶದ ಸತ್ಯಜಿತ ರಾಯರು ೧೯೫೫ರ ‘ಪಥೇರ್ ಪಾಂಚಾಲಿ’ಯಲ್ಲಿ ಅಪು ದುರ್ಗೆಯರ ಬಾಲ್ಯವನ್ನು ಜಗತ್ತಿಗೆ ತೋರಿಸಿದರು. ಫ್ರಾನ್ಸಿನ ತ್ರೂಫೋ ೧೯೫೯ರಲ್ಲಿ ಮನೆಯೂ ಶಾಲೆಯೂ ಕೈಬಿಟ್ಟ ಬಾಲಕನೊಬ್ಬನನ್ನು ಕಡಲ ದಂಡೆಗೆ ತಂದು ನಿಲ್ಲಿಸಿದನು. ಕನ್ನಡ ಚಲಚ್ಚಿತ್ರದಲ್ಲಿ ಈ ವಸ್ತುವು ಯಾವ ರೂಪವನ್ನು ತಾಳಿತು, ಆ ರೂಪಕ್ಕೆ ನಾಡಿನ ಪೂರ್ವಪರಂಪರೆಯಲ್ಲಿ ಬೇರುಗಳುಂಟೇ ಎಂಬುದು ಇಲ್ಲಿ ವಿಚಾರಣೀಯವಾಗಿರುವ ವಿಷಯ.

ಈ ವಿಚಾರಕ್ಕೆ ಪ್ರವೇಶದ್ವಾರವಾಗಿ ರಸಶಾಸ್ತ್ರದ ಹಳೆಯ ವಿವಾದವೊಂದನ್ನು ಸ್ಮರಿಸಬೇಕು. ರುದ್ರಟನು ತನ್ನ ‘ಕಾವ್ಯಾಲಂಕಾರ’ದಲ್ಲಿ ನವರಸಗಳ ಮೇಲೆ ‘ಪ್ರೇಯಸ್’ ಎಂಬ ಹತ್ತನೆಯ ರಸವನ್ನು ಅಂಗೀಕರಿಸಿ, ಸ್ನೇಹವನ್ನು ಅದರ ಸ್ಥಾಯಿಯೆಂದು ಹೇಳಿದನು. ಮಿತ್ರರೊಳಗಿನ ನಿಷ್ಕಪಟವಾದ ಒಲವೇ ಇದರ ಕ್ಷೇತ್ರ. ಅಭಿನವಗುಪ್ತಪಾದರು ಇದನ್ನು ಒಪ್ಪಲಿಲ್ಲ. ಬಾಲಕನಿಗೆ ತಾಯಿತಂದೆಗಳಲ್ಲಿರುವ ಸ್ನೇಹವು ಭಯದಲ್ಲಿಯೂ, ತರುಣನಿಗೆ ಮಿತ್ರಜನದಲ್ಲಿರುವ ಸ್ನೇಹವು ರತಿಯಲ್ಲಿಯೂ, ಲಕ್ಷ್ಮಣಾದಿಗಳಿಗೆ ಭ್ರಾತೃವಿನಲ್ಲಿರುವ ಸ್ನೇಹವು ಧರ್ಮವೀರದಲ್ಲಿಯೂ ವಿಶ್ರಾಂತಿಹೊಂದುವುದರಿಂದ ಸ್ನೇಹಕ್ಕೆ ಸ್ವತಂತ್ರವಾದ ರಸಪದವಿಯಿಲ್ಲವೆಂಬುದು ಅವರ ನಿರ್ಣಯ. ಈ ನಿರ್ಣಯದಲ್ಲಿ ಬಾಲ್ಯ, ತಾರುಣ್ಯ, ಪ್ರೌಢಿಗಳೆಂಬ ವಯೋಕ್ರಮವೂ ಅಡಗಿದೆ. ಮನುಷ್ಯನು ಬೆಳೆದಂತೆಲ್ಲ ಅವನ ಸ್ನೇಹವು ತನ್ನ ನೆಲೆಯನ್ನು ಬದಲಿಸುವುದೆಂಬ ಸೂಕ್ಷ್ಮವನ್ನು ಆಚಾರ್ಯರು ಕಂಡಿದ್ದರು. ಕನ್ನಡದ ಬಾಲ್ಯಚಿತ್ರಗಳನ್ನು ಈ ಒರೆಗಲ್ಲಿಗೆ ಹಚ್ಚಿ ನೋಡಿದರೆ ಅವುಗಳ ಸ್ವರೂಪವು ತಿಳಿಯಾಗುವುದಲ್ಲದೆ, ಆಚಾರ್ಯರ ನಿರ್ಣಯಕ್ಕೂ ಒಂದು ಪರೀಕ್ಷೆ ಒದಗುವುದು.

೨

ಗದಗು-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಗಳ ಸೀಮೆಯು ಈ ವಸ್ತುವಿಗೆ ಅಪರಿಚಿತವಾದ ಭೂಮಿಯಲ್ಲ. ಲಕ್ಷ್ಮೇಶ್ವರವೇ ಹಿಂದಿನ ಪುಲಿಗೆರೆ. ‘ಕವಿರಾಜಮಾರ್ಗ’ವು ಕನ್ನಡದ ತಿರುಳನ್ನು ಗುರುತಿಸುವಾಗ ಎಣಿಸಿದ ಸ್ಥಳಗಳಲ್ಲಿ ಇದೂ ಒಂದು. ೧೦ನೆಯ ಶತಮಾನದ ಪಂಪನು ತನ್ನ ಭಾರತವನ್ನು ಪುಲಿಗೆರೆಯ ತಿರುಳ್ಗನ್ನಡದಲ್ಲಿ ರಚಿಸಿದುದಾಗಿ ಹೇಳಿಕೊಂಡಿರುವುದು ವಿದ್ವಜ್ಜನರಿಗೆಲ್ಲ ವಿದಿತವೇ ಆಗಿದೆ. ಗದುಗಿನ ವೀರನಾರಾಯಣನ ಸನ್ನಿಧಿಯಾದರೋ ಕುಮಾರವ್ಯಾಸನ ಭಾರತದ ಜನ್ಮಸ್ಥಾನ. ಕನ್ನಡದ ಎರಡು ಮಹಾಭಾರತಗಳಿಗೂ ಈ ಒಂದೇ ಸೀಮೆಯ ನಂಟಿದೆ. ಆ ಎರಡರಲ್ಲಿಯೂ ಬಾಲ್ಯಸಖ್ಯದ ಎರಡು ಪ್ರಸಂಗಗಳು ಎದುರುಬದುರಾಗಿ ನಿಂತಿವೆ.

ಮೊದಲನೆಯದು ದ್ರೋಣ ದ್ರುಪದರದು. ಒಂದೇ ಗುರುಕುಲದಲ್ಲಿ ಬೆಳೆದ ಬ್ರಾಹ್ಮಣವಟುವೂ ರಾಜಕುಮಾರನೂ ಅನ್ಯೋನ್ಯವಾಗಿದ್ದರು. ಮುಂದೆ ಒಬ್ಬನು ಪಾಂಚಾಲರಾಜನಾದನು, ಇನ್ನೊಬ್ಬನು ಮಗನಿಗೆ ಹಾಲು ದೊರಕಿಸಲಾರದ ಬಡವನಾದನು. ಬಡವನು ಹಳೆಯ ಗೆಳೆತನವನ್ನು ನೆನೆದು ಬಂದಾಗ ರಾಜನು ಸಮಾನರಲ್ಲದವರಿಗೆ ಸಖ್ಯವೆಲ್ಲಿಯದೆಂದು ತಿರಸ್ಕರಿಸಿದನು. ಭಾರತಕಥೆಯ ವೈರಗಳಲ್ಲಿ ಒಂದು ದೊಡ್ಡ ಕವಲು ಈ ಒಂದು ಮಾತಿನಿಂದ ಹೊರಟಿತು. ಎರಡನೆಯದು ಕರ್ಣ ದುರ್ಯೋಧನರದು. ಶಸ್ತ್ರವಿದ್ಯಾಪ್ರದರ್ಶನದ ರಂಗದಲ್ಲಿ ಹಿರಿಯರು ಕುಲವನ್ನು ಕೇಳಿ ತರುಣನೊಬ್ಬನ ತಲೆ ತಗ್ಗಿಸಿದಾಗ, ಸಮಾನವಯಸ್ಕನೊಬ್ಬನು ಅವನನ್ನು ಅಂಗರಾಜ್ಯದಲ್ಲಿ ಅಭಿಷೇಕಿಸಿ ಎದೆಗೆ ಅಪ್ಪಿಕೊಂಡನು. ಪಂಪನ ಕರ್ಣನು ಆ ಋಣವನ್ನು ಪ್ರಾಣಕೊಟ್ಟು ತೀರಿಸಿದನು. ಇಲ್ಲಿ ಸ್ನೇಹವು ರತಿಯಲ್ಲಿ ವಿಶ್ರಾಂತಿಹೊಂದಿತೆಂದು ಹೇಳುವುದು ಕಷ್ಟ. ಅದು ತನ್ನ ನೆಲೆಯಲ್ಲಿಯೇ ನಿಂತು ಕರ್ಣನ ಆಯುಷ್ಯವನ್ನೆಲ್ಲ ವ್ಯಾಪಿಸಿತು.

ಈ ಪ್ರಸಂಗಗಳಿಂದಲೂ ಉಪನಿಷತ್ಪುರಾಣಗಳ ಬಾಲಕಥೆಗಳಿಂದಲೂ ಮೂರು ಘಟ್ಟಗಳ ಒಂದು ಸಂವಿಧಾನವನ್ನು ಬಿಡಿಸಿ ತೆಗೆಯಬಹುದು. ಬಾಲಕನು ಮನೆಯಿಂದ ಹೊರಡುವುದು ‘ನಿರ್ಗಮ’. ಹೊರಗಿನ ಲೋಕದಲ್ಲಿ ಒಂದು ಜೀವವನ್ನು ತನ್ನದಾಗಿ ಮಾಡಿಕೊಳ್ಳುವುದು ‘ಸಖ್ಯ’. ಹಿರಿಯನು ಅವನನ್ನು ಸಮಾನನೆಂದು ಬಗೆದು ಸ್ವೀಕರಿಸುವುದು ‘ಪ್ರತಿಗ್ರಹ’. ಯಮಸದನಕ್ಕೆ ಹೋದ ನಚಿಕೇತನು ಕೇಳಿದ ಮೊದಲನೆಯ ವರವು, ತಂದೆಯು ಕೋಪವಳಿದು ತನ್ನನ್ನು ಗುರುತಿಸಿ ಮಾತನಾಡಿಸಬೇಕೆಂಬುದು. ಅಗ್ನಿವಿದ್ಯೆ ಆತ್ಮವಿದ್ಯೆಗಳು ಅದರ ಅನಂತರವೇ ಬಂದವು. ಮಗನಿಗೆ ಹದಿನಾರು ತುಂಬಿದ ಮೇಲೆ ಅವನನ್ನು ಮಿತ್ರನಂತೆ ನಡೆಸಿಕೊಳ್ಳಬೇಕೆಂಬ ನೀತಿವಚನವು ಪಾಠಶಾಲೆಯ ಪ್ರತಿಯೊಬ್ಬ ವಿದ್ಯಾರ್ಥಿಗೂ ಕಂಠಸ್ಥವಾಗಿದೆ. ಆ ವಚನದ ತಾತ್ಪರ್ಯವನ್ನು ಆಲೋಚಿಸಿದರೆ, ನಮ್ಮ ಪರಂಪರೆಯಲ್ಲಿ ವಯಸ್ಸಂಧಿಯ ಗುರುತು ಮೀಸೆಯ ರೇಖೆಯಲ್ಲಿಲ್ಲ, ಹಿರಿಯನ ದೃಷ್ಟಿಯಲ್ಲಿ ಸಖ್ಯವು ಹುಟ್ಟುವುದರಲ್ಲಿದೆ ಎಂಬುದು ವ್ಯಕ್ತವಾಗುವುದು.

೩

ಕಾವ್ಯದಿಂದ ಚಲಚ್ಚಿತ್ರಕ್ಕೆ ಬರುವ ದಾರಿಯಲ್ಲಿ ನಾಟಕಮಂಡಳಿಗಳು ಸೇತುವೆಯಾದುವು. ಆಧುನಿಕ ಕನ್ನಡ ರಂಗಭೂಮಿಯ ಇತಿಹಾಸದಲ್ಲಿ ಗದುಗಿನ ಸ್ಥಾನವು ಮೊದಲ ಪಂಕ್ತಿಯದು. ೧೯ನೆಯ ಶತಮಾನದ ಎಂಟನೆಯ ದಶಕದಲ್ಲಿ, ಮರಾಠೀ ನಾಟಕಗಳು ಈ ಭಾಗದಲ್ಲಿ ಮೆರೆಯುತ್ತಿದ್ದ ಕಾಲಕ್ಕೆ, ಸಕ್ಕರಿ ಬಾಳಾಚಾರ್ಯರು, ಎಂದರೆ ಶಾಂತಕವಿಗಳು, ಗದುಗಿನಲ್ಲಿ ವೀರನಾರಾಯಣನ ಹೆಸರಿನಿಂದ ಕೃತಪುರ ನಾಟಕಮಂಡಳಿಯನ್ನು ಕಟ್ಟಿ ಕನ್ನಡದಲ್ಲಿ ನಾಟಕಗಳನ್ನು ಆಡಿಸಿದರು. ಬಳಿಕ ಶಿರಹಟ್ಟಿಯ ವೆಂಕೋಬರಾಯರ ಮಂಡಳಿಯೂ ಗರುಡ ಸದಾಶಿವರಾಯರ ದತ್ತಾತ್ರೇಯ ನಾಟಕಮಂಡಳಿಯೂ ಈ ಸೀಮೆಯ ಹೆಸರನ್ನು ನಾಡೆಲ್ಲ ಒಯ್ದುವು. ಈ ಮಂಡಳಿಗಳು ಬಾಲಕರಿಗೆ ಒಂದು ಬಗೆಯ ಸಂಚಾರೀ ಗುರುಕುಲಗಳಾಗಿದ್ದುವು. ಮನೆ ಬಿಟ್ಟ ಹುಡುಗರು ಇಲ್ಲಿ ಒಂದೇ ಪಂಕ್ತಿಯಲ್ಲಿ ಉಂಡು, ಒಂದೇ ಬಿಡಾರದಲ್ಲಿ ಮಲಗಿ, ಬಾಲಪಾತ್ರಗಳಿಂದ ಸ್ತ್ರೀಪಾತ್ರಗಳಿಗೂ ಅಲ್ಲಿಂದ ಪುರುಷಪಾತ್ರಗಳಿಗೂ ಬೆಳೆಯುತ್ತಿದ್ದರು. ಕಂಠವು ಒಡೆಯುವ ವಯಸ್ಸು ಅವರಿಗೆ ಜೀವನೋಪಾಯದ ಸಂಧಿಯೂ ಆಗಿತ್ತು.

ಕನ್ನಡ ವಾಕ್ಚಿತ್ರವು ಹುಟ್ಟಿದ್ದು ಇಂಥ ಮಂಡಳಿಗಳ ಮಡಿಲಲ್ಲಿಯೇ. ೧೯೩೪ರಲ್ಲಿ ‘ಸತೀ ಸುಲೋಚನಾ’ ಮೊದಲು ತೆರೆಗೆ ಬಂದಿತು. ಅದೇ ವರ್ಷ ಬಂದ ‘ಭಕ್ತ ಧ್ರುವ’ವು ರತ್ನಾವಳೀ ನಾಟಕಮಂಡಳಿಯ ನಾಟಕವನ್ನು ಆಧರಿಸಿದ್ದು, ಪಾರ್ಶ್ವನಾಥ ಆಳ್ತೇಕರರು ಅದನ್ನು ನಿರ್ದೇಶಿಸಿದರು. ಧ್ರುವನ ಪಾತ್ರವನ್ನು ಧರಿಸಿದವನು ಮಾಸ್ಟರ್ ಮುತ್ತು ಎಂಬ ಬಾಲನಟ. ಕನ್ನಡ ವಾಕ್ಚಿತ್ರದ ಮೊದಲ ವರ್ಷದಲ್ಲಿಯೇ ಬಾಲಕನೊಬ್ಬನು ಕಥಾನಾಯಕನಾಗಿದ್ದನೆಂಬುದು ಗಮನಾರ್ಹ. ತಂದೆಯ ತೊಡೆಯಿಂದ ದೂಡಲ್ಪಟ್ಟ ಧ್ರುವನ ಕಥೆಯಲ್ಲಿ ನಿರ್ಗಮವೂ ಪ್ರತಿಗ್ರಹವೂ ಪೂರ್ಣವಾಗಿವೆ, ಏಕೆಂದರೆ ತಪಸ್ಸಿನ ಅನಂತರ ಉತ್ತಾನಪಾದನು ಮಗನನ್ನು ಅಪ್ಪಿಕೊಳ್ಳುವನು. ನಡುವಿನ ಸಖ್ಯದ ಸ್ಥಾನವನ್ನು ಮಾತ್ರ ಅಲ್ಲಿ ಭಗವಂತನೇ ತುಂಬುತ್ತಾನೆ. ಮಾನುಷ ಮಿತ್ರನಿಗೆ ಅಲ್ಲಿ ಎಡೆಯಿಲ್ಲ. ೧೯೮೩ರ ‘ಭಕ್ತ ಪ್ರಹ್ಲಾದ’ದವರೆಗೂ ಪೌರಾಣಿಕ ಚಿತ್ರಗಳಲ್ಲಿ ಬಾಲಕನ ಬೆಳವಣಿಗೆಯು ಭಕ್ತಿಯ ಮಹಿಮೆಯೊಳಗೆ ಲೀನವಾಗಿಯೇ ಇದ್ದಿತು. ಭಾಗವತದ ಪ್ರಹ್ಲಾದನಾದರೋ ಗುರುಕುಲದ ದೈತ್ಯಬಾಲಕರನ್ನು ಸುತ್ತ ಕುಳ್ಳಿರಿಸಿಕೊಂಡು ಸಖರೆಂದು ಬೋಧಿಸಿದವನು.

೪

ಪುರಾಣದಲ್ಲಿ ಕಂಡ ಈ ಕೊರತೆಯನ್ನು ತುಂಬುವಂಥ ಚರಿತ್ರೆಯು ಗದುಗಿನಲ್ಲಿಯೇ ನಡೆದಿತ್ತು. ೧೮೯೨ರಲ್ಲಿ ಕಾಡಶೆಟ್ಟಿಹಳ್ಳಿಯಲ್ಲಿ ಜನಿಸಿದ ಗದಿಗೆಯ್ಯನೂ ಅವನ ಅಣ್ಣನೂ ಹುಟ್ಟುಕುರುಡರಾದ ಬಾಲಕರು. ಅವರ ಕಂಠಮಾಧುರ್ಯವನ್ನು ಕೇಳಿದ ಹಾನಗಲ್ಲ ಕುಮಾರಸ್ವಾಮಿಗಳು ಅವರ ವಿದ್ಯೆಯ ಭಾರವನ್ನು ಹೊತ್ತರು. ೧೯೦೯ರಲ್ಲಿ ಶಿವಯೋಗಮಂದಿರವನ್ನು ಸ್ಥಾಪಿಸಿದ ಮಹನೀಯರೇ ಇವರು. ಗದಿಗೆಯ್ಯನೇ ಮುಂದೆ ಕರ್ಣಾಟಕ ಹಿಂದುಸ್ತಾನೀ ಎರಡೂ ಪದ್ಧತಿಗಳಲ್ಲಿ ಪಾರಂಗತರಾಗಿ ಉಭಯಗಾನವಿಶಾರದರೆನಿಸಿದ ಪಂಚಾಕ್ಷರಿ ಗವಾಯಿಗಳು. ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಅಂಧರಿಗೂ ಅಂಗವಿಕಲರಿಗೂ ಅನಾಥರಿಗೂ ಜಾತಿಮತಗಳನ್ನು ಕೇಳದೆ ಅನ್ನವನ್ನೂ ಸಂಗೀತವಿದ್ಯೆಯನ್ನೂ ಕೊಡುವ ಪದ್ಧತಿಯನ್ನು ಅವರು ನೆಲೆಗೊಳಿಸಿದರು. ೧೯೪೪ರಲ್ಲಿ ಅವರು ಲಿಂಗೈಕ್ಯರಾದ ಮೇಲೆ ಆ ಭಾರವು ಪುಟ್ಟರಾಜ ಗವಾಯಿಗಳ ಮೇಲೆ ಬಿದ್ದಿತು. ೧೯೧೪ರಲ್ಲಿ ದೇವಗಿರಿಯಲ್ಲಿ ಜನಿಸಿ, ಎಳೆತನದಲ್ಲಿಯೇ ಕಣ್ಣನ್ನೂ ತಾಯಿತಂದೆಗಳನ್ನೂ ಕಳೆದುಕೊಂಡ ಅವರು ೨೦೧೦ರವರೆಗೆ ಬಾಳಿ, ಕನ್ನಡ, ಸಂಸ್ಕೃತ, ಹಿಂದೀ ಮೂರು ಭಾಷೆಗಳಲ್ಲಿ ಗ್ರಂಥಗಳನ್ನು ರಚಿಸಿದರು. ಆಶ್ರಮದ ಮಕ್ಕಳ ಅನ್ನಕ್ಕೆ ಆಧಾರವಾಗಿ ಅವರೂ ಒಂದು ನಾಟಕಸಂಘವನ್ನೇ ನಡೆಸಿದರೆಂಬುದು ಮೇಲೆ ಹೇಳಿದ ಗುರುಕುಲ ರಂಗಭೂಮಿಗಳ ನಂಟಿಗೆ ಇನ್ನೊಂದು ಪ್ರಮಾಣ.

ಈ ಆಶ್ರಮದ ಚರಿತ್ರೆಯಲ್ಲಿ ಪ್ರಕೃತ ವಿಷಯಕ್ಕೆ ದೀಪಪ್ರಾಯವಾದ ಒಂದು ಘಟನೆಯುಂಟು. ೧೯೨೦ರಲ್ಲಿ ಯಲಿವಾಳದಲ್ಲಿ ಜನಿಸಿದ ಬಸವರಾಜ ರಾಜಗುರುಗಳು ಬಾಲ್ಯದಲ್ಲಿ ಪಂಚಾಕ್ಷರಿ ಗವಾಯಿಗಳ ಶಿಷ್ಯರಾದರು. ೧೯೩೬ರಲ್ಲಿ ವಿಜಯನಗರ ಸಾಮ್ರಾಜ್ಯಸ್ಥಾಪನೆಯ ೬೦೦ನೆಯ ವರ್ಷದ ಉತ್ಸವವು ಹಂಪೆಯಲ್ಲಿ ಜರುಗಿದಾಗ ಅವರ ಮೊದಲ ಗಾನಸಭೆ ಏರ್ಪಟ್ಟಿತು. ಶಿಷ್ಯನಿಗೆ ತಬಲಾ ಸಾಥಿಗೆ ಕುಳಿತವರು ಸ್ವತಃ ಗುರುಗಳು. ಶಿಷ್ಯನಿಗೆ ಆಗ ಹದಿನಾರರ ವಯಸ್ಸು. ನೀತಿವಚನದ ವಿಧಿಯು ಇದಕ್ಕಿಂತ ಅಕ್ಷರಶಃ ನೆರವೇರಿದ ನಿದರ್ಶನವನ್ನು ಕಾಣುವುದು ದುರ್ಲಭ. ಸಾಥಿಗೆ ಕೂಡುವವನು ಹಾಡುವವನ ಹೆಜ್ಜೆಯನ್ನು ಅನುಸರಿಸಬೇಕು. ಗುರುವು ಆ ಒಂದು ಹೊತ್ತು ಶಿಷ್ಯನನ್ನು ಅನುಸರಿಸಿದುದೇ ಅಲ್ಲಿ ಪ್ರತಿಗ್ರಹ.

ಇದೇ ಸೀಮೆಯ ರೋಣದಲ್ಲಿ ೧೯೨೨ರಲ್ಲಿ ಜನಿಸಿದ ಭೀಮಸೇನ ಜೋಶಿಯವರ ಬಾಲ್ಯವು ಈ ಸಂವಿಧಾನದ ಇನ್ನೊಂದು ಪಾಠವೆನ್ನಬಹುದು. ೧೯೩೩ರಲ್ಲಿ, ಹನ್ನೊಂದರ ವಯಸ್ಸಿನಲ್ಲಿ, ಗುರುವನ್ನು ಅರಸುತ್ತ ಮನೆಯಿಂದ ಹೊರಟ ಹುಡುಗನು ಉತ್ತರದೇಶವನ್ನೆಲ್ಲ ಅಲೆದನು. ತಂದೆಯು ಅವನನ್ನು ಜಾಲಂಧರದಲ್ಲಿ ಕಂಡು ಮನೆಗೆ ಕರೆತಂದರು. ಬಳಿಕ ೧೯೩೬ರಲ್ಲಿ ಕುಂದಗೋಳದ ಸವಾಯಿ ಗಂಧರ್ವರ ಶಿಷ್ಯತ್ವವು ಅವನಿಗೆ ದೊರೆಯಿತು. ಗಂಗೂಬಾಯಿ ಹಾನಗಲ್ಲರು ಅಲ್ಲಿ ಅವನಿಗೆ ಗುರುಭಗಿನಿಯಾದರು. ಮಗನ ಹಟವನ್ನು ತಂದೆಯು ಅಪರಾಧವೆಂದು ಎಣಿಸದೆ ಅರ್ಹತೆಯೆಂದು ಎಣಿಸಿದುದರಿಂದಲೇ ಆ ನಿರ್ಗಮವು ಸಫಲವಾಯಿತು. ಸಂಗೀತಗಾರನ ಬಾಳನ್ನು ಕುರಿತ ಅ. ನ. ಕೃಷ್ಣರಾಯರ ‘ಸಂಧ್ಯಾರಾಗ’ವು ೧೯೬೬ರಲ್ಲಿ ಚಲಚ್ಚಿತ್ರವಾದಾಗ ಅದರಲ್ಲಿ ಹಾಡಿದವರಲ್ಲಿ ಇದೇ ಭೀಮಸೇನ ಜೋಶಿಯವರೂ ಒಬ್ಬರು.

ಪುಣ್ಯಾಶ್ರಮದ ಚರಿತ್ರೆಯು ತೆರೆಗೆ ಬಂದದ್ದು ೧೯೯೫ರ ‘ಗಾನಯೋಗಿ ಪಂಚಾಕ್ಷರ ಗವಾಯಿ’ ಎಂಬ ಚಿತ್ರದಲ್ಲಿ. ದಾವಣಗೆರೆಯ ಕೆ. ಬಿ. ಆರ್. ನಾಟಕಮಂಡಳಿಯ ಚಿಂದೋಡಿ ಲೀಲಾ ಅವರು ಇದನ್ನು ನಿರ್ಮಿಸಿದರು, ಚಿಂದೋಡಿ ಬಂಗಾರೇಶರು ನಿರ್ದೇಶಿಸಿದರು. ಗವಾಯಿಗಳ ಪಾತ್ರದಲ್ಲಿ ಲೋಕೇಶರೂ ಕುಮಾರಸ್ವಾಮಿಗಳ ಪಾತ್ರದಲ್ಲಿ ಗಿರೀಶ ಕಾರ್ನಾಡರೂ ನಟಿಸಿದರು. ಸಂಗೀತನಿರ್ದೇಶನಕ್ಕಾಗಿ ಹಂಸಲೇಖರಿಗೂ ಗಾಯನಕ್ಕಾಗಿ ಎಸ್. ಪಿ. ಬಾಲಸುಬ್ರಹ್ಮಣ್ಯಂ ಅವರಿಗೂ ರಾಷ್ಟ್ರಪ್ರಶಸ್ತಿಗಳು ದೊರೆತುವು. ಮಹಾಪುರುಷಚರಿತೆಯ ಚಿತ್ರಗಳಿಗೆ ಸಹಜವಾದ ಒಂದು ಮಿತಿಯು ಇಲ್ಲಿಯೂ ಉಂಟು. ನಾಯಕನು ಯೋಗಿಯಾಗುವನೆಂಬುದು ಶೀರ್ಷಿಕೆಯಲ್ಲಿಯೇ ವಿದಿತವಾಗಿರುವುದರಿಂದ ಬಾಲಕನ ದಾರಿಯ ಅನಿಶ್ಚಯವು ಪ್ರೇಕ್ಷಕನನ್ನು ಅಷ್ಟಾಗಿ ಕಾಡದು. ಆದರೂ ಅನ್ಯರು ಅಯೋಗ್ಯರೆಂದು ಕೈಬಿಟ್ಟ ಮಕ್ಕಳು ಒಬ್ಬರಿಗೊಬ್ಬರು ಕಣ್ಣಾಗಿ ಬೆಳೆದ ಚರಿತ್ರೆಯ ಗೌರವವು ಇದಕ್ಕುಂಟು. ಅಭಿನವಗುಪ್ತರ ಪರಿಭಾಷೆಯಲ್ಲಿ ಇಲ್ಲಿಯ ಸ್ನೇಹವು ಧರ್ಮವೀರದಲ್ಲಿ ವಿಶ್ರಾಂತಿಹೊಂದಿದೆ ಎನ್ನಬಹುದು.

೫

ಪ್ರತಿಗ್ರಹವು ದೊರೆಯದೆ ಹೋದರೆ ಏನಾಗುವುದೆಂಬುದನ್ನು ಅದಕ್ಕೆ ಹಿಂದೆಯೇ ಎರಡು ಚಿತ್ರಗಳು ಕೇಳಿದ್ದುವು. ಶ್ರೀಕೃಷ್ಣ ಆಲನಹಳ್ಳಿಯವರ ಕಾದಂಬರಿಯನ್ನು ಆಧರಿಸಿ ಗಿರೀಶ ಕಾರ್ನಾಡರು ೧೯೭೩ರಲ್ಲಿ ನಿರ್ದೇಶಿಸಿದ ‘ಕಾಡು’ ಮೊದಲನೆಯದು. ವಿದ್ಯೆಗಾಗಿ ಬಂಧುಗಳ ಊರಿಗೆ ಬಂದ ಕಿಟ್ಟಿಯು ಗಂಡನ ಅನಾದರದಿಂದ ಬೆಂದ ಕಮಲಿಯ ಒಲವಿಗೆ ಪಾತ್ರನಾಗಿ, ಅವಳ ವಿನಾಶಕ್ಕೂ ಎರಡು ಊರುಗಳ ವೈರಕ್ಕೂ ಸಾಕ್ಷಿಯಾಗುವನು. ಆ ಪಾತ್ರವನ್ನು ವಹಿಸಿದ ಬಾಲನಟನಿಗೆ ರಾಷ್ಟ್ರಪ್ರಶಸ್ತಿ ಬಂದಿತು. ಎರಡನೆಯದು ಯು. ಆರ್. ಅನಂತಮೂರ್ತಿಯವರ ಕಥೆಯನ್ನು ಆಧರಿಸಿ ಗಿರೀಶ ಕಾಸರವಳ್ಳಿಯವರು ೧೯೭೭ರಲ್ಲಿ ನಿರ್ದೇಶಿಸಿದ, ಸ್ವರ್ಣಕಮಲವನ್ನು ಪಡೆದ ‘ಘಟಶ್ರಾದ್ಧ’.

ಸಂಸ್ಕೃತ ಪಾಠಶಾಲೆಗಳ ಪರಂಪರೆಯನ್ನು ಬಲ್ಲವರಿಗೆ ‘ಘಟಶ್ರಾದ್ಧ’ವು ನೋವನ್ನುಂಟುಮಾಡುವ ಚಿತ್ರ. ಉಡುಪರ ವೇದಪಾಠಶಾಲೆಗೆ ಬಂದ ಎಳೆಯ ನಾಣಿಗೆ ಹಿರಿಯ ಸಹಪಾಠಿಗಳಿಂದ ಉಪದ್ರವವಲ್ಲದೆ ಸಖ್ಯವು ಸಿಗುವುದಿಲ್ಲ. ಮನೆಯ ನೆನಪಿನಿಂದ ಅಂಜಿದ ಅವನನ್ನು ಸಂತೈಸುವವಳು ಉಡುಪರ ವಿಧವೆಯಾದ ಮಗಳು ಯಮುನೆ. ಅವಳು ಗರ್ಭಿಣಿಯಾದ ಸಂಗತಿಯು ಹೊರಬೀಳುತ್ತ ಬಂದಂತೆ ಊರೆಲ್ಲ ಅವಳನ್ನು ತೊರೆಯುವುದು. ಅವಳ ಬಳಿ ಉಳಿಯುವವನು ಆ ಬಾಲಕನೊಬ್ಬನೇ. ಕಡೆಗೆ ತಂದೆಯು ಜೀವಂತಳಾದ ಮಗಳಿಗೆ ಘಟಶ್ರಾದ್ಧವನ್ನು ಮಾಡುವನು. ನಾಣಿಯನ್ನು ಅವನ ತಂದೆಯು ಮನೆಗೆ ಕರೆದೊಯ್ಯುವನು. ಹೋಗುವ ದಾರಿಯಲ್ಲಿ ತಲೆಬೋಳಿಸಿದ ಯಮುನೆಯು ಮರದಡಿಯಲ್ಲಿ ಕುಳಿತಿರುವುದನ್ನು ಅವನು ಕಾಣುವನು.

ಇಲ್ಲಿಯ ಸ್ನೇಹವು ಹುಟ್ಟುವುದು ಭಯದಲ್ಲಿ. ಅಷ್ಟರಮಟ್ಟಿಗೆ ಆಚಾರ್ಯರ ಮಾತು ನಿಜ. ಆದರೆ ಅದು ಭಯದಲ್ಲಿ ವಿಶ್ರಾಂತಿಹೊಂದುವುದಿಲ್ಲ. ಊರ ಹಿರಿಯರೆಲ್ಲ ಭಯಕ್ಕೆ ಶರಣಾದ ಹೊತ್ತಿನಲ್ಲಿ ಎಳೆಯನು ಮಾತ್ರ ಸ್ನೇಹವನ್ನು ಭಯದ ಮೇಲೆ ನಿಲ್ಲಿಸಿದನು. ಅವನ ಸ್ನೇಹವು ಸೋತಿತು, ಆದರೆ ಸುಳ್ಳಾಗಲಿಲ್ಲ. ಪ್ರತಿಗ್ರಹದ ಅಧಿಕಾರವನ್ನು ಹೊಂದಿದ ಹಿರಿಯನೇ ಆ ಅಧಿಕಾರವನ್ನು ಬಹಿಷ್ಕಾರಕ್ಕೆ ಬಳಸಿದಾಗ ಬಾಲಕನಿಗೆ ಬೆಳೆಯುವ ಬಾಗಿಲು ಮುಚ್ಚಿಹೋಗುವುದು. ಅವನಿಗೆ ಉಳಿಯುವುದು ಅಕಾಲದಲ್ಲಿ ಬಂದ ತಿಳಿವೊಂದೇ. ಕಿಟ್ಟಿಯ ಗತಿಯೂ ಇದಕ್ಕಿಂತ ಭಿನ್ನವಲ್ಲ. ಎರಡು ಚಿತ್ರಗಳಲ್ಲಿಯೂ ಬಾಲಕನ ಸಖ್ಯವು ಸಮಾನವಯಸ್ಕನಲ್ಲಿ ನೆಲೆಗೊಳ್ಳದೆ ನಿರಾಶ್ರಿತಳಾದ ಸ್ತ್ರೀಯಲ್ಲಿ ನೆಲೆಗೊಂಡಿರುವುದನ್ನು ಲಕ್ಷಿಸಬೇಕು. ಮನೆಯೊಳಗೆ ಧ್ವನಿಯಿಲ್ಲದ ಇಬ್ಬರು, ಎಂದರೆ ಮಗುವೂ ಸ್ತ್ರೀಯೂ, ಒಬ್ಬರನ್ನೊಬ್ಬರು ಗುರುತಿಸಿದುದೇ ಈ ಸಖ್ಯದ ಕಾರಣ. ಪಾಶ್ಚಾತ್ಯ ಬಾಲ್ಯಚಿತ್ರಗಳಿಂದ ಕನ್ನಡದ ಈ ಕೃತಿಗಳನ್ನು ಬೇರ್ಪಡಿಸುವ ಮುಖ್ಯ ಲಕ್ಷಣವು ಇದೇ ಎಂದು ಹೇಳಬಹುದು.

೬

ತರುವಾಯದ ಚಿತ್ರಗಳಲ್ಲಿ ಸಖ್ಯದ ವ್ಯಾಪ್ತಿಯು ಹಿಗ್ಗಿತು. ಎನ್. ಲಕ್ಷ್ಮೀನಾರಾಯಣರ ‘ಬೆಟ್ಟದ ಹೂವು’ (೧೯೮೫) ಶರ್ಲಿ ಅರೋರಾ ಎಂಬ ಲೇಖಿಕೆಯ ಕಥೆಯನ್ನು ಆಧರಿಸಿದ್ದು. ಅದರ ಬಾಲಕನು ಕಾಡುಹೂಗಳನ್ನು ಸಂಗ್ರಹಿಸುವ ಪರದೇಶದ ಸ್ತ್ರೀಗೆ ನೆರವಾಗಿ, ಕುವೆಂಪುರವರ ‘ಶ್ರೀ ರಾಮಾಯಣ ದರ್ಶನಂ’ ಗ್ರಂಥವನ್ನು ಕೊಳ್ಳಲೆಂದು ಹಣವನ್ನು ಕೂಡಿಸುವನು. ಕೊನೆಗೆ ಆ ಹಣದಿಂದ ಮನೆಯವರ ಚಳಿಗೆ ಕಂಬಳಿಯನ್ನು ಕೊಂಡುತರುವನು. ಓದದ ರಾಮಾಯಣವನ್ನು ಅವನು ಆಚರಿಸಿ ತೋರಿಸಿದನೆಂದು ಸಾಹಿತ್ಯಾಧ್ಯಾಪಕರು ವಿದ್ಯಾರ್ಥಿಗಳಿಗೆ ಹೇಳಬಹುದಾದ ಪ್ರಸಂಗವಿದು. ಕುಂ. ವೀರಭದ್ರಪ್ಪನವರ ಕಥೆಯಿಂದ ನಾಗತಿಹಳ್ಳಿ ಚಂದ್ರಶೇಖರರು ೧೯೯೪ರಲ್ಲಿ ನಿರ್ದೇಶಿಸಿದ ‘ಕೊಟ್ರೇಶಿ ಕನಸು’ ದಲಿತ ಬಾಲಕನೊಬ್ಬನ ವಿದ್ಯೆಯ ಹಂಬಲವನ್ನು ಮುಂದಿಟ್ಟಿತು. ದ್ರುಪದನು ಆಡಿದ ಅಸಮಾನತೆಯ ಮಾತು ಇಲ್ಲಿ ಇಡಿಯ ಊರಿನ ಬಾಯಿಂದ ಕೇಳಿಬರುವುದು.

೨೦೧೮ರಲ್ಲಿ ರಿಷಬ್ ಶೆಟ್ಟಿಯವರು ನಿರ್ದೇಶಿಸಿದ, ಶ್ರೇಷ್ಠ ಮಕ್ಕಳ ಚಿತ್ರವೆಂದು ರಾಷ್ಟ್ರಪ್ರಶಸ್ತಿಯನ್ನು ಪಡೆದ ‘ಸರ್ಕಾರಿ ಹಿ. ಪ್ರಾ. ಶಾಲೆ, ಕಾಸರಗೋಡು’ ಚಿತ್ರದಲ್ಲಿ ಕಥೆಯು ಹಾಸ್ಯದ ಬಟ್ಟೆಯನ್ನುಟ್ಟಿದೆ. ೧೯೫೬ರ ರಾಜ್ಯಪುನರ್ವಿಂಗಡಣೆಯಲ್ಲಿ ಕೇರಳಕ್ಕೆ ಸೇರಿದ ಕಾಸರಗೋಡಿನಲ್ಲಿ ಕನ್ನಡ ಶಾಲೆಯೊಂದು ಮುಚ್ಚುವ ಸ್ಥಿತಿಗೆ ಬಂದಾಗ ಮಕ್ಕಳು ಗುಂಪುಕಟ್ಟಿ ಮೈಸೂರಿನ ವೃದ್ಧನೊಬ್ಬನ ನೆರವನ್ನು ಕೋರುವರು. ಅನಂತನಾಗರು ಅಭಿನಯಿಸಿದ ಆ ವೃದ್ಧನು ಮಕ್ಕಳಿಗೆ ಅಧಿಕಾರಿಯಾಗದೆ ಗೆಳೆಯನಾಗುವನು. ಹಂಪೆಯಲ್ಲಿ ಗುರುವು ಶಿಷ್ಯನ ಮಗ್ಗುಲಲ್ಲಿ ಕುಳಿತ ಭಾವವೇ ಇಲ್ಲಿ ವಿನೋದದ ರೂಪದಲ್ಲಿ ಮರಳಿದೆ. ಪೂರ್ಣಚಂದ್ರ ತೇಜಸ್ವಿಯವರ ಕಥೆಯಿಂದ ೨೦೨೩ರಲ್ಲಿ ಬಂದ ‘ಡೇರ್‌ಡೆವಿಲ್ ಮುಸ್ತಾಫಾ’ ಚಿತ್ರದಲ್ಲಿ ಕಾಲೇಜಿನ ಹಿಂದೂ ಹುಡುಗರ ತರಗತಿಗೆ ಬಂದ ಮುಸಲ್ಮಾನ ಹುಡುಗನು ಮೊದಲು ಶಂಕೆಗೂ ಬಳಿಕ ಸ್ನೇಹಕ್ಕೂ ಪಾತ್ರನಾಗುವನು. ಹಿಂದೂ ಮುಸಲ್ಮಾನರಿಬ್ಬರೂ ನಡೆದುಕೊಳ್ಳುವ ಫಕೀರೇಶ್ವರ ಮಠವನ್ನು ಬಲ್ಲ ಶಿರಹಟ್ಟಿಯ ಜನಕ್ಕೆ ಈ ಕಥೆಯ ತಿರುಳು ಹೊಸದಲ್ಲ.

೭

ಈ ವಿಮರ್ಶೆಯಿಂದ ಸಿದ್ಧವಾಗುವ ಅಂಶಗಳು ಮೂರು. ಒಂದನೆಯದಾಗಿ, ಕನ್ನಡದ ಬಾಲ್ಯಚಿತ್ರಗಳ ಸಂವಿಧಾನವು ಪರದೇಶದಿಂದ ತಂದುದಲ್ಲ. ಪುಲಿಗೆರೆ ಗದುಗುಗಳ ಕಾವ್ಯಗಳಲ್ಲಿಯೂ, ಮುಂಡರಗಿಯ ಅನ್ನದಾನೀಶ್ವರ ಮಠದಂಥ ಸಂಸ್ಥೆಗಳು ಅನ್ನದೊಡನೆ ವಿದ್ಯೆಯನ್ನು ಸೇರಿಸಿದ ನಡವಳಿಕೆಯಲ್ಲಿಯೂ ಅದರ ಬೇರುಗಳಿವೆ.

ಎರಡನೆಯದಾಗಿ, ಈ ಪರಂಪರೆಯಲ್ಲಿ ಬಾಲಕನು ಹಿರಿಯರನ್ನು ಧಿಕ್ಕರಿಸಿದ ಮಾತ್ರಕ್ಕೆ ದೊಡ್ಡವನಾಗುವುದಿಲ್ಲ. ಹಿರಿಯರೂ ಅವನೊಡನೆ ಬೆಳೆಯಬೇಕಾಗುವುದು. ಪಂಚಾಕ್ಷರಿ ಗವಾಯಿಗಳು ಬೆಳೆದರು, ಉಡುಪರು ಬೆಳೆಯಲಾರದೆ ಹೋದರು. ಯಮುನೆಯ ದುರಂತವೂ ನಾಣಿಯ ಗಾಯವೂ ಈ ಒಂದು ಕೊರತೆಯ ಫಲಗಳು.

ಮೂರನೆಯದಾಗಿ, ಸ್ನೇಹವು ಯಾವಾಗಲೂ ಬೇರೊಂದು ಭಾವದಲ್ಲಿ ವಿಶ್ರಾಂತಿಹೊಂದುವುದೆಂಬ ಅಭಿನವಗುಪ್ತರ ನಿರ್ಣಯವು ಅನೇಕ ಸ್ಥಳಗಳಲ್ಲಿ ಸಲ್ಲುವುದಾದರೂ ಎಲ್ಲೆಡೆಯೂ ಸಲ್ಲದು. ಪಂಪನ ಕರ್ಣನಲ್ಲಿಯೂ ಕಾಸರವಳ್ಳಿಯವರ ನಾಣಿಯಲ್ಲಿಯೂ ಸ್ನೇಹವು ಭಯ, ರತಿ, ವೀರಗಳ ಆಶ್ರಯವನ್ನು ಬೇಡದೆ ತಾನೇ ಸ್ಥಾಯಿಯಾಗಿ ನಿಂತಿದೆ. ಆದುದರಿಂದ ಬಹುಕಾಲದಿಂದ ಬದಿಗಿರಿಸಲ್ಪಟ್ಟ ರುದ್ರಟನ ಪ್ರೇಯೋರಸವು ಪುನರ್ವಿಮರ್ಶೆಗೆ ಅರ್ಹವಾಗಿದೆ. ದೃಶ್ಯಕಾವ್ಯವೇ ರಸವಿಚಾರದ ಮೂಲಭೂಮಿಯಾಗಿರುವಲ್ಲಿ, ಇಂದಿನ ದೃಶ್ಯಕಾವ್ಯವಾದ ಚಲಚ್ಚಿತ್ರವನ್ನು ಆ ವಿಮರ್ಶೆಗೆ ಲಕ್ಷ್ಯವಾಗಿ ಗ್ರಹಿಸುವುದು ಶಾಸ್ತ್ರಕ್ಕೆ ವಿರುದ್ಧವೆನಿಸದು.